ಬಿಲ್ಲು ಗಿಡ್ಡವಾಗಬೇಕಾದಾಗ

ಮೂರು ತುಂಡುಗಳಾಗಿ ಕಳಚಿ ಚೀಲದೊಳಗೆ ಇರಿಸಬಹುದಾದ ಬಿಲ್ಲನ್ನು ಕಂಡು ಸೋಜಿಗಪಡದವರು ವಿರಳ. ನಡುವೆ ಹಿಡಿ, ಅದರ ಎರಡು ಕೊನೆಗಳಿಗೆ ತೋಳುಗಳು. ತೋಳಿನ ತುದಿಗಳು ಗುರಿಯತ್ತ ಬಾಗಿರುತ್ತವೆ. ಇದೇ ಒಲಿಂಪಿಕ್ ಕ್ರೀಡೆಯ 'ರಿಕರ್ವ್' ಬಿಲ್ಲು.

ಎತ್ತರದ ಆಳಿಗೆ 70 ಅಂಗುಲದ ಬಿಲ್ಲು ಒಪ್ಪೀತು. ಕಿರಿಯ ಬಾಲಕಿಯ ಎಳೆತಕ್ಕಾದರೋ ಅದರ ತೋಳುಗಳು ಪೂರ್ತಿ ಬಾಗವು. ಬಾಣಕ್ಕೆ ಸಲ್ಲಬೇಕಾದ ವೇಗ ಸಲ್ಲದು. ಹಾಗೆಂದು ತೋಳುಗಳನ್ನೇ ಕತ್ತರಿಸಬಹುದೆ? ಗರಗಸ ಹಿಡಿದ ಹವ್ಯಾಸಿಗೆ ಮೊದಲು ಹೊಳೆಯುವುದು ಅದೇ! ಆದರೆ ಬಾಗುವ ಪಟ್ಟಿಯ ಉದ್ದ ಹತ್ತರಲ್ಲೊಂದು ಪಾಲು ತಗ್ಗಿದರೆ ಅದರ ಬಿರುಸು ಸುಮಾರು ಶೇಕಡ 37ರಷ್ಟು ಏರುತ್ತದೆ. ಹೆದೆಯ ಕೋನ ಕಿರಿದಾಗಿ ಬೆರಳುಗಳನ್ನು ಚಿವುಟುತ್ತದೆ. ತೋಳು ಸೀಳಿ ಮುಖಕ್ಕೆ ಸಿಡಿಯುವ ಭಯವೂ ಉಂಟು. ದಪ್ಪವನ್ನೂ ಹತ್ತರಲ್ಲೊಂದು ಪಾಲು ತಗ್ಗಿಸಿದರೆ ಬಿರುಸು ಮೊದಲಿನಂತಾಗುವುದು ನಿಜ. ಆದರೆ ಗಾಜಿನ ನಾರು ಹೊದಿಸಿದ ಸಿದ್ಧ ತೋಳನ್ನು ಮೇಲಿನಿಂದ ಸವೆಸುವಂತಿಲ್ಲ. ಒಳಗಿನ ಮರದ ಪದರವನ್ನು ತೆಳುವಾಗಿಸಿ ಹೊಸದಾಗಿಯೇ ಅಂಟಿಸಬೇಕು. ಅಷ್ಟಾದರೂ ಗಿಡ್ಡ ತೋಳು ಅದೇ ಎಳೆತಕ್ಕೆ ಹೆಚ್ಚು ದಣಿಯುತ್ತದೆ.

ಬಲ್ಲವರು ಹಿಡಿಯನ್ನು ಬದಲಿಸುತ್ತಾರೆ. 25 ಅಂಗುಲದ ಹಿಡಿಗೆ ಮಧ್ಯಮ ತೋಳು ಜೋಡಿಸಿದರೆ ಬಿಲ್ಲು 68 ಅಂಗುಲ. ಅದೇ ತೋಳನ್ನು 23ರ ಹಿಡಿಗೆ ತೊಡಿಸಿದರೆ 66. ಬಿಗಿ ಕೊಂಚ ಏರೀತು, ಆದರೆ ತೋಳು ಮುಟ್ಟದೆ ಉಳಿಯಿತು. ಹಳೆಯ ಹೆದೆ ಮಾತ್ರ ಇನ್ನು ಸಡಿಲ, ಹೊಸದನ್ನು ಹೊಸೆದುಕೊಳ್ಳಬೇಕು.