ಲೆಕ್ಕಪರಿಶೋಧಕ ಪರೀಕ್ಷೆಗೆ ವ್ಯಾಸಂಗದ ಕ್ರಮ

ಚಾರ್ಟರ್ಡ್ ಅಕೌಂಟೆಂಟ್ ಆಗಬೇಕೆಂದು ಬಯಸುವ ಮಕ್ಕಳು ಈಗ ಅನೇಕ ಮನೆಗಳಲ್ಲಿರುವರು. ೧೯೪೯ರ ಕಾಯಿದೆಯ ಮೇರೆಗೆ ಸ್ಥಾಪಿತವಾದ ಸಂಸ್ಥೆಯು ನಡೆಯಿಸುವ ಈ ಪರೀಕ್ಷೆಗಳು ಕಠಿನವೆಂಬುದನ್ನು ಎಲ್ಲರೂ ಬಲ್ಲರು. ಆದರೆ ಬುದ್ಧಿಶಾಲಿಗಳೂ ಇದರಲ್ಲಿ ಸೋಲುವುದುಂಟು. ಯಾವುದನ್ನು ಮೊದಲು ಓದಬೇಕು, ಯಾವುದನ್ನು ಅನಂತರ ಎಂಬುದನ್ನು ಗೊತ್ತುಮಾಡಿಕೊಳ್ಳದೆ ಹೊರಡುವುದೇ ಇದಕ್ಕೆ ಒಂದು ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ.

ಫೌಂಡೇಶನ್, ಇಂಟರ್‌ಮೀಡಿಯೆಟ್, ಫೈನಲ್ ಎಂಬ ಮೂರು ಮೆಟ್ಟಿಲುಗಳಲ್ಲಿ ನಡುವಣದನ್ನೇ ಇಲ್ಲಿ ವಿಚಾರಿಸೋಣ. ೨೦೨೩ರಲ್ಲಿ ಜಾರಿಗೆ ಬಂದ ಕ್ರಮದಂತೆ ಇದರಲ್ಲಿ ಎರಡು ಗ್ರೂಪುಗಳು. ಒಂದೊಂದರಲ್ಲಿಯೂ ೧೦೦ ಅಂಕಗಳ ಮೂರು ಪತ್ರಿಕೆಗಳು. ಲೆಕ್ಕಶಾಸ್ತ್ರ, ಕಾನೂನು, ತೆರಿಗೆ ಮೊದಲನೆಯ ಗ್ರೂಪಿನವು. ವೆಚ್ಚದ ಲೆಕ್ಕ, ಆಡಿಟಿಂಗ್, ಹಣಕಾಸಿನ ನಿರ್ವಹಣೆ ಎರಡನೆಯದರವು. ಪ್ರತಿ ಪತ್ರಿಕೆಯಲ್ಲಿಯೂ ೪೦ ಅಂಕ, ಗ್ರೂಪಿನ ಒಟ್ಟು ೩೦೦ರಲ್ಲಿ ೧೫೦ ಬರಬೇಕು.

ಎರಡನ್ನೂ ಒಟ್ಟಿಗೆ ಬರೆಯಬೇಕೆ, ಒಂದೊಂದಾಗಿಯೆ? ಒಟ್ಟಿಗೆ ಬರೆದವನಿಗೆ ಒಂದು ಅನುಕೂಲವುಂಟು. ಮೊದಲನೆಯದರಲ್ಲಿ ೧೪೨, ಎರಡನೆಯದರಲ್ಲಿ ೧೬೨ ಬಂದವೆನ್ನೋಣ. ಯಾವ ಪತ್ರಿಕೆಯೂ ೪೦ಕ್ಕೆ ಇಳಿಯದಿದ್ದರೆ ಒಟ್ಟು ೩೦೪ ಆಗಿ ಎರಡರಲ್ಲಿಯೂ ತೇರ್ಗಡೆ. ಬೇರೆ ಬೇರೆಯಾಗಿ ಬರೆದಿದ್ದರೆ ಮೊದಲನೆಯದು ಕೈಬಿಟ್ಟಂತೆಯೇ. ಮೇಲಾಗಿ ಎರಡು ಗ್ರೂಪುಗಳೂ ಮುಗಿದಲ್ಲದೆ ಎರಡು ವರ್ಷದ ಪ್ರಾಯೋಗಿಕ ಶಿಕ್ಷಣಕ್ಕೆ ಪ್ರವೇಶವಿಲ್ಲ. ಒಂದು ಉಳಿದರೆ ಸಂಪಾದನೆಯ ಕಾಲವೂ ಅಷ್ಟು ಹಿಂದಕ್ಕೆ ಸರಿಯುವುದು. ಆದರೂ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಹಗಲೆಲ್ಲ ಉದ್ಯೋಗದಲ್ಲಿರುವವರೂ ಮನೆಯ ಭಾರ ಹೊತ್ತವರೂ ಆರು ಪತ್ರಿಕೆಗಳನ್ನು ಅರೆಬರೆಯಾಗಿ ಓದುವುದಕ್ಕಿಂತ ಮೂರನ್ನು ಚೆನ್ನಾಗಿ ಓದುವುದು ಲೇಸು. ಅಂಥವರು ಮೊದಲನೆಯ ಗ್ರೂಪಿನಿಂದಲೇ ಆರಂಭಿಸುವುದು ಯುಕ್ತ.

ಓದುವ ಕ್ರಮವನ್ನು ವಿಷಯಗಳ ಸಂಬಂಧದಿಂದಲೇ ತಿಳಿಯಬಹುದು. ಲೆಕ್ಕಶಾಸ್ತ್ರ ಬುನಾದಿ, ಅದು ಕಣ್ಣಿನಿಂದ ಬರುವ ವಿದ್ಯೆಯಲ್ಲ, ಕೈಯಿಂದ ಬರುವುದು. ಆದುದರಿಂದ ಮೊದಲ ದಿನದಿಂದ ಕೊನೆಯ ದಿನದವರೆಗೂ ನಿತ್ಯ ಎರಡು ಮೂರು ಲೆಕ್ಕಗಳನ್ನಾದರೂ ಬರೆದು ಬಿಡಿಸಬೇಕು. ವೆಚ್ಚದ ಲೆಕ್ಕಕ್ಕೂ ಇದೇ ನಿಯಮ. ಲೆಕ್ಕಪರಿಶೋಧಕರ ನೇಮಕ, ಅಧಿಕಾರ, ಕರ್ತವ್ಯಗಳು ೨೦೧೩ರ ಕಂಪೆನಿ ಕಾಯಿದೆಯಲ್ಲಿಯೇ ಇರುವುದರಿಂದ ಕಾನೂನನ್ನು ಮೊದಲು ಓದಿ ಆಡಿಟಿಂಗನ್ನು ಅನಂತರ ಹಿಡಿದರೆ ಶ್ರಮ ಕಡಿಮೆ. ತೆರಿಗೆಯ ಕಾನೂನು ಆಯವ್ಯಯದೊಡನೆ ಬದಲಾಗುವುದು. ಅದರ ತತ್ತ್ವವನ್ನು ಮುಂಚೆಯೇ ತಿಳಿದುಕೊಂಡು, ತಿದ್ದುಪಡಿಗಳನ್ನು ಕೊನೆಯ ತಿಂಗಳುಗಳಿಗೆ ಇಟ್ಟುಕೊಳ್ಳತಕ್ಕದ್ದು. ಆರು ತಿಂಗಳಿದ್ದರೆ ನಾಲ್ಕನ್ನು ಓದಿಗೆ, ಎರಡನ್ನು ಪುನರಾವರ್ತನೆಗೂ ಗಡಿಯಾರವಿಟ್ಟು ಉತ್ತರ ಬರೆಯುವುದಕ್ಕೂ ಮೀಸಲಿಡಬೇಕು.

ಇನ್ನೊಂದು ಮಾತು. ಗ್ರೂಪಿನಲ್ಲಿ ಸೋತರೂ ಒಂದು ಪತ್ರಿಕೆಯಲ್ಲಿ ೬೦ ಅಂಕ ಬಂದರೆ ಮುಂದಿನ ಮೂರು ಪರೀಕ್ಷೆಗಳವರೆಗೆ ಅದರಿಂದ ವಿನಾಯಿತಿ ದೊರೆಯುವುದು. ಆದರೆ ಗ್ರೂಪಿನ ಎಲ್ಲ ಪತ್ರಿಕೆಗಳಿಗೂ ಹಾಜರಾಗಿರಬೇಕು. ಮೊದಲ ಪತ್ರಿಕೆ ಕೆಟ್ಟಿತೆಂದು ಮನೆಯಲ್ಲಿ ಕುಳಿತವನು ಈ ಫಲವನ್ನೂ ಕಳೆದುಕೊಳ್ಳುವನು.

ಮಕ್ಕಳು ಒಮ್ಮೆ ಸೋತುದಕ್ಕೆ ಹಿರಿಯರು ಹಂಗಿಸಬಾರದು. ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು, ಎಲ್ಲಿ ಎಷ್ಟು ಅಂಕ ಕಡಮೆಯಾಯಿತೆಂದು ಅವರೊಡನೆ ಕುಳಿತು ನೋಡಲಿ. ಲೆಕ್ಕದ ವಿದ್ಯೆಯನ್ನು ಕಲಿಯುವವರು ತಮ್ಮ ಕಾಲದ ಲೆಕ್ಕವನ್ನು ಮೊದಲು ಇಡಬೇಕಲ್ಲವೆ?