ಹಿತ್ತಿಲಿನ ಅಂಗಡಿ

ಈಚೆಗೆ ಬೆಂಗಳೂರಿನಲ್ಲಿ ನಮ್ಮ ನೆಂಟರೊಬ್ಬರ ಹೊಸ ಮನೆಯ ಗೃಹಪ್ರವೇಶವಾಯಿತು. ಮಳವಳ್ಳಿಯ ಬಳಿಯ ಹಳ್ಳಿಯೊಂದರಲ್ಲಿರುವ ನನ್ನ ಸೋದರತ್ತೆಯನ್ನು ಜೊತೆಗೆ ಕರೆದುಕೊಂಡು ನಾನೂ ಹೋಗಿದ್ದೆ. ಊಟವಾದ ಮೇಲೆ ಮನೆಯೊಡತಿ ಅಡುಗೆಮನೆಯನ್ನು ತೋರಿಸುತ್ತ, ಪಾತ್ರೆ ತೊಳೆಯುವ ಕಟ್ಟೆಯ ಮೇಲಿದ್ದ ಗಾಜಿನ ಭರಣಿಯೊಂದನ್ನು ಎತ್ತಿ ಹಿಡಿದು, 'ಇದು ಪರಿಸರಸ್ನೇಹಿ. ಯಾವ ರಾಸಾಯನಿಕವೂ ಇಲ್ಲ' ಎಂದು ಹೆಮ್ಮೆಯಿಂದ ಹೇಳಿದರು. ಭರಣಿಯ ಕೊರಳಿಗೆ ನೂಲಿನ ದಾರ, ದಾರಕ್ಕೊಂದು ಚೀಟಿ, ಚೀಟಿಯ ಮೇಲೆ ಹಸಿರೆಲೆಯ ಚಿತ್ರ. ಒಳಗೆ ನಸು ಬೂದು ಬಣ್ಣದ ಪುಡಿ. ಅತ್ತೆ ಮುಚ್ಚಳ ತೆಗೆದು, ಒಂದು ಚಿಟಿಕೆಯನ್ನು ಬೆರಳುಗಳ ನಡುವೆ ತಿಕ್ಕಿ ನೋಡಿ, ನನ್ನ ಕಡೆ ತಿರುಗಿ ಮೆಲ್ಲನೆ ಕೇಳಿದರು: 'ಇದು ನಮ್ಮೊಲೆ ಬೂದಿ ಅಲ್ವೇನಪ್ಪ? ಇದ್ಕೂವೆ ದುಡ್ಡು ಕೊಟ್ಟವ್ರಾ?'

ಆಗ ನಗು ಬಂದದ್ದು ನಿಜ. ಆದರೆ ಸಂಜೆಯ ಬಸ್ಸಿನಲ್ಲಿ ಊರ ಕಡೆ ಬರುವಾಗ ಇನ್ನೊಂದು ಸಂಗತಿ ನೆನಪಾಗಿ ನಗು ಇಳಿಯಿತು. ಅತ್ತೆಯ ಮನೆಯ ಒಲೆಯಲ್ಲಿ ಈಗ ಬೂದಿಯಿಲ್ಲ. ಅಲ್ಲಿಗೆ ಅನಿಲದ ಸಿಲಿಂಡರು ಬಂದು ವರ್ಷಗಳಾದುವು. ಪಾತ್ರೆಗೆ ಸಂತೆಯಿಂದ ತಂದ ಹಸಿರು ಸಾಬೂನಿನ ಬಿಲ್ಲೆ, ಬಟ್ಟೆಗೆ ಸಣ್ಣ ಪೊಟ್ಟಣದ ಪುಡಿ. ಬೂದಿ ಹಳ್ಳಿಯನ್ನು ಬಿಟ್ಟು ಬೆಂಗಳೂರು ಸೇರಿ ಗಾಜಿನ ಮನೆಯಲ್ಲಿ ಕುಳಿತಿದೆ. ಅದನ್ನು ಮತ್ತೆ ಕೊಂಡು ತರುವ ಶಕ್ತಿ ಹಳ್ಳಿಗೆ ಇಲ್ಲ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮಲ್ಲಿ ಉಂಟಷ್ಟೆ. ನಮ್ಮ ಮಂಡ್ಯ ಸೀಮೆಯ ಹಳೆಯ ಮನೆಗಳಿಗೆ ಹಿತ್ತಿಲೆಂದರೆ ಮದ್ದು ಮಾತ್ರವಲ್ಲ, ಅಂಗಡಿಯೂ ಅದೇ ಆಗಿತ್ತು. ಮರದ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವುಂಟು. ಒದ್ದೆಯ ಬೂದಿ ಪಾತ್ರೆಯ ಜಿಡ್ಡಿನೊಡನೆ ಕೂಡಿದಾಗ ಅಲ್ಲಿಯೆ ಒಂದಿಷ್ಟು ಸಾಬೂನು ಹುಟ್ಟುತ್ತದೆ. ಮಿಕ್ಕ ಸಣ್ಣ ಕಣಗಳು ತಿಕ್ಕುವ ಕೆಲಸವನ್ನು ನೋಡಿಕೊಳ್ಳುತ್ತವೆ. ಹಿತ್ತಾಳೆ ತಾಮ್ರಗಳಿಗೆ ಹುಣಿಸೆಯ ಹುಳಿ. ತಲೆಗೆ ಸೀಗೆ, ರೇಷ್ಮೆಗೂ ಒಡವೆಗೂ ಅಂಟುವಾಳ. ರೇಷ್ಮೆ, ಉಣ್ಣೆಗಳು ಪ್ರಾಣಿಜನ್ಯವಾದ್ದರಿಂದ ಕ್ಷಾರ ತಗುಲಿದರೆ ಸೊರಗುತ್ತವೆ. ಅಂಟುವಾಳದ ನೊರೆಯಲ್ಲಿ ಆ ಕ್ಷಾರವಿಲ್ಲ. ನಮ್ಮ ಅಜ್ಜಿಯಂದಿರು ರಸಾಯನಶಾಸ್ತ್ರ ಓದಿದವರಲ್ಲ, ಆದರೆ ಮದುವೆಯ ಸೀರೆಯನ್ನು ಬೂದಿನೀರಿಗೆ ಹಾಕಿದವರೂ ಅಲ್ಲ.

ಮಡಿವಾಳರ ಸರಕು ಚೌಳು ಮಣ್ಣು. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿಯ ಹುಡಿಯಾಗಿ ಏಳುವ ಕ್ಷಾರವನ್ನು ಬಾಚಿ ತಂದು ಬಟ್ಟೆ ಬೇಯಿಸುತ್ತಿದ್ದರು. ಈ ಚೌಳಿನ ಕಥೆಯೊಂದು ವಿಚಿತ್ರ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಿ, ಮುಂದೆ ನಾಲೆಯ ನೀರು ಮಂಡ್ಯದ ಬಯಲಿಗೆ ಇಳಿದು, 1933ರಲ್ಲಿ ಸಕ್ಕರೆಯ ಕಂಪನಿಯೂ ತಲೆಯೆತ್ತಿತು. ಬಯಲು ಹಸಿರಾಯಿತು. ಆದರೆ ನೀರು ಬಸಿದು ಹೋಗಲು ದಾರಿಯಿಲ್ಲದ ತಗ್ಗಿನ ಗದ್ದೆಗಳಲ್ಲಿ ಚೌಳು ಮೇಲೆದ್ದು ಬತ್ತದ ಬೇರನ್ನೆ ಸುಟ್ಟಿತು. ಮಡಿವಾಳನ ಮಡಕೆಯಲ್ಲಿ ಹಿತವಾದುದೆ ರೈತನ ಗದ್ದೆಯಲ್ಲಿ ಶಾಪ. 'ಸಹಜವಾದುದೆಲ್ಲ ಒಳ್ಳೆಯದು' ಎಂಬ ಚೀಟಿಯನ್ನು ಭರಣಿಯ ಕೊರಳಿಗೆ ಕಟ್ಟುವ ಮೊದಲು ಇದನ್ನು ಒಮ್ಮೆ ನೆನೆಯಬೇಕು. ಅಂಟುವಾಳವೂ ಅಷ್ಟೆ: ಅದರ ನೊರೆಗೆ ಕಾರಣವಾದ ಸಪೋನಿನ್ ಮೀನಿಗೆ ವಿಷ. ಹಿತ್ತಿಲಿನ ಬಾಳೆಯ ಬುಡಕ್ಕೆ ಸುರಿದರೆ ಮಣ್ಣಿನಲ್ಲಿ ಕರಗಿ ಹೋಗುತ್ತದೆ. ಕಟ್ಟೆಯ ನಿಂತ ನೀರಿಗೆ ಚೆಲ್ಲಬಾರದು.

ಹಾಗೆಂದು ಪೊಟ್ಟಣದ ಪುಡಿ ಸಾಧುವೆಂದು ಯಾರೂ ತಿಳಿಯುವುದು ಬೇಡ. ಮಂಡ್ಯದಲ್ಲಿ ನನ್ನ ಮನೆಗೆ ಅನತಿದೂರದಲ್ಲಿ ನಾಲೆ ಹರಿಯುತ್ತದೆ. ಮೆಟ್ಟಿಲುಗಳ ಮೇಲೆ ಹೆಂಗಸರು ಬಟ್ಟೆ ಒಗೆಯುವಾಗ ಬಿಳಿಯ ನೊರೆ ದಡಕ್ಕಂಟಿಕೊಂಡು ಸಾಗುವುದನ್ನು ದಿನವೂ ಕಾಣುತ್ತೇನೆ. ಫಾಸ್ಫೇಟು ಬೆರೆತ ಪುಡಿಯ ನೀರು ಕೆರೆ ಸೇರಿದರೆ ಪಾಚಿಗೆ ಗೊಬ್ಬರವಾಗುತ್ತದೆ; ಪಾಚಿ ಸತ್ತು ಕೊಳೆತಾಗ ನೀರಿನೊಳಗಿನ ಪ್ರಾಣವಾಯು ತೀರಿ ಮೀನು ಸಾಯುತ್ತದೆ. ಒಂದು ಮನೆಯ ಹಿತ್ತಿಲಿನಲ್ಲಿ ಇಂಗಿ ಮುಗಿಯುತ್ತಿದ್ದ ಕೊಳೆ ಈಗ ಊರೊಟ್ಟಿನ ನೀರಿಗೆ ಇಳಿದಿದೆ.

ಬಸ್ಸಿನಲ್ಲಿ ನಾನು ಇದನ್ನೆಲ್ಲ ಸ್ವಲ್ಪ ಉತ್ಸಾಹದಿಂದಲೆ ಅತ್ತೆಗೆ ವಿವರಿಸಿ, 'ನೀವು ಮತ್ತೆ ಬೂದಿಯಲ್ಲೆ ಪಾತ್ರೆ ಬೆಳಗಬಾರದೆ?' ಎಂದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದವರು ತಿರುಗಿ, 'ಬೂದಿ ಬೇಕು ಅಂದ್ರೆ ಹೊಗೆ ಕುಡೀಬೇಕು ಕನಪ್ಪ. ನಾ ಕುಡ್ದಿದ್ದೇ ಸಾಕು' ಎಂದರು. ಅಷ್ಟು ಹೇಳುವುದರೊಳಗೆ ಅವರಿಗೆ ಕೆಮ್ಮು ಬಂತು. ಆ ಕೆಮ್ಮು ನಲವತ್ತು ವರ್ಷ ಸೌದೆಯ ಒಲೆ ಊದಿದ್ದರ ಸಂಪಾದನೆ. ನನ್ನ ಉಪನ್ಯಾಸ ಅಲ್ಲಿಗೆ ನಿಂತಿತು.

ಹಳೆಯ ಮನೆಯ ಮಿತವ್ಯಯವನ್ನು ಹೊಗಳುವ ಲೇಖನಗಳನ್ನು ಗಂಡಸರು ಬರೆಯುವುದು ಹೆಚ್ಚು (ನಾನೂ ಬರೆಯುತ್ತಿದ್ದೇನೆ). ವಾರ ವಾರವೂ ನೆಲಕ್ಕೆ ಸಗಣಿಯ ಸಾರಣೆ, ಹಬ್ಬಕ್ಕೆ ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಕಾರಣೆ, ಬೆಳಗಿನ ರಂಗವಲ್ಲಿ: ನೋಡಲು ಚೆಲುವು, ಕಾಸಿನ ಖರ್ಚಿಲ್ಲ. ಆದರೆ ಆ ಕಾಸನ್ನು ಉಳಿಸಿದ್ದು ಹೆಂಗಸರ ಸೊಂಟ. ಜೊತೆಗೆ ಆ ವಸ್ತುಗಳು ಒಂದೊಂದೂ ಒಂಟಿಯಾಗಿ ಬಂದುವಲ್ಲ. ಎತ್ತಿದ್ದರೆ ಸಗಣಿ, ಸೌದೆಯಿದ್ದರೆ ಬೂದಿ, ಬೇಲಿಯಲ್ಲಿ ಸೀಗೆಯ ಮೆಳೆಯಿದ್ದರೆ ಸೀಗೆ. ಉಳುಮೆಗೆ ಟ್ರಾಕ್ಟರು ಬಂದಾಗ ಎತ್ತಿನೊಡನೆ ಸಗಣಿಯೂ ಹೋಯಿತು. ಕೊಂಡಿ ಕಳಚಿದ ಮೇಲೆ ವಸ್ತುವನ್ನು ಮಾತ್ರ ತರಲು ಹೊರಟರೆ ಅದು ಬೆಂಗಳೂರಿನ ಭರಣಿಯಾಗುತ್ತದೆ. ಆದ್ದರಿಂದ ನಮ್ಮ ಕಡೆ ಯಾವ ಕೊಂಡಿ ಇನ್ನೂ ಕಳಚಿಲ್ಲವೋ ಅದನ್ನು ಹಿಡಿಯುವುದೆ ಜಾಣತನವೆಂದು ತೋರುತ್ತದೆ.

ಅಂಥ ಕೊಂಡಿಗಳು ದಾರಿಯುದ್ದಕ್ಕೂ ಕಾಣಿಸಿದುವು. ಬಸ್ಸು ಮದ್ದೂರಿನಲ್ಲಿ ನಿಂತಿತು. ಮದ್ದೂರೆಂದರೆ ಹೊರಗಿನವರಿಗೆ ವಡೆ, ನಮಗೆ ಎಳನೀರು. ಇಲ್ಲಿನ ಎಳನೀರಿನ ಮಾರುಕಟ್ಟೆ ನಾಡಿಗೆಲ್ಲ ಹೆಸರಾದುದು. ಲಾರಿಗಳಲ್ಲಿ ದೂರದ ಊರುಗಳಿಗೆ ಕಾಯಿ ಹೋಗುತ್ತದೆ. ತೆಂಗಿರುವವರೆಗೆ ಮನೆಗೆ ಕೆಲವು ಸಾಮಾನುಗಳ ಕೊರತೆಯಿಲ್ಲ. ಗರಿಯ ಕಡ್ಡಿಯಿಂದ ಪೊರಕೆ, ಬಲಿತ ಕಾಯಿಯ ನಾರಿನಿಂದ ಪಾತ್ರೆಯ ಗುಂಜು, ಕರಟಕ್ಕೆ ಬಿದಿರಿನ ಹಿಡಿ ಹಾಕಿದರೆ ಸೌಟು. ಪ್ಲಾಸ್ಟಿಕ್ಕಿನ ಉಜ್ಜುಗ ಸವೆದಷ್ಟೂ ಕಣ್ಣಿಗೆ ಕಾಣದ ಚೂರುಗಳಾಗಿ ನೀರು ಸೇರುತ್ತದೆ. ನಾರಿನ ಗುಂಜು ಸವೆದರೆ ಗೊಬ್ಬರದ ಗುಂಡಿಗೆ ಹಾಕಿದರಾಯಿತು. ಎಳನೀರಿನ ಸಿಪ್ಪೆಯಲ್ಲಿ ಗಟ್ಟಿ ನಾರು ದೊರೆಯದು. ಕೊಚ್ಚಿ ಹಾಕಿದರೆ ಕುಂಡದ ಮಣ್ಣು ತೇವ ಹಿಡಿಯಲು ಬಲು ಒಳ್ಳೆಯದು. ಅಡಕೆಯ ಹಾಳೆ, ಮುತ್ತುಗದ ಎಲೆಗಳ ತಟ್ಟೆಗಳೂ ಈಗ ಮತ್ತೆ ಮದುವೆಮನೆಗಳಲ್ಲಿ ಕಾಣುತ್ತಿವೆ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳಿಗೆ 2016ರಲ್ಲಿಯೂ, ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಲ್ಲೆಲ್ಲ 2022ರ ಜುಲೈ 1ರಿಂದಲೂ ನಿಷೇಧವುಂಟು. ಸಂತೆಯಲ್ಲಿ ಮಾತ್ರ ಆ ವಿಷಯ ಎಲ್ಲರಿಗೂ ತಿಳಿದಂತೆ ತೋರುವುದಿಲ್ಲ.

ಮದ್ದೂರಿನ ಮಗ್ಗುಲಲ್ಲೆ ಶಿವಪುರ. 1938ರ ಏಪ್ರಿಲಿನಲ್ಲಿ ಧ್ವಜ ಸತ್ಯಾಗ್ರಹ ನಡೆದ ನೆಲ. ಅದಕ್ಕೆ ನಾಲ್ಕು ವರ್ಷ ಮೊದಲು, 1934ರಲ್ಲಿ, ಗಾಂಧೀಜಿ ವರ್ಧಾದಲ್ಲಿ ಗ್ರಾಮೋದ್ಯೋಗ ಸಂಘವನ್ನು ಸ್ಥಾಪಿಸಿ ಕುಮಾರಪ್ಪನವರ ಕೈಗೆ ಒಪ್ಪಿಸಿದ್ದರು. ಹಳ್ಳಿಯ ವಸ್ತು ಹಳ್ಳಿಯಲ್ಲಿ ಅನ್ನವಾಗಬೇಕೆಂಬುದು ಅವರ ಲೆಕ್ಕ. ಇಂದು ಹಸಿರು ಚೀಟಿಯ ಅಂಗಡಿಗಳಲ್ಲಿ ಅದೇ ವಸ್ತು ಉಂಟು. ಆ ಲೆಕ್ಕ ಇಲ್ಲ. ಪೊರಕೆ ಕಟ್ಟಿದವಳಿಗೆ ಎಷ್ಟು ಸಂದಿತೆಂಬುದನ್ನು ಯಾವ ಚೀಟಿಯಲ್ಲಿಯೂ ನಾನು ಕಂಡಿಲ್ಲ.

ಮದ್ದೂರಿನಿಂದ ಮಳವಳ್ಳಿಯ ದಾರಿ ಹಿಡಿದರೆ ಅಲ್ಲಲ್ಲಿ ಹಿಪ್ಪುನೇರಳೆಯ ತೋಟಗಳು. ರೇಷ್ಮೆಹುಳು ಗೂಡು ಕಟ್ಟಲೆಂದು ಮೇದರು ಹೆಣೆಯುತ್ತಿದ್ದ ಬಿದಿರಿನ ಚಂದ್ರಿಕೆಯನ್ನು ನೋಡದವರು ನಮ್ಮ ಸೀಮೆಯಲ್ಲಿ ಕಡಮೆ. ಆಳುದ್ದದ ಚಾಪೆಯ ಮೇಲೆ ತೆಳ್ಳನೆಯ ಬಿದಿರಪಟ್ಟಿ ಸುರುಳಿ ಸುರುಳಿಯಾಗಿ ಒಳಗಿನಿಂದ ಹೊರಗೆ ಸುತ್ತಿ ನಿಂತಿರುತ್ತದೆ. ಗೂಡುಗಳು ತುಂಬಿದಾಗ ಹೊನ್ನಿನ ಹೂವು ಬಿಡಿಸಿಟ್ಟಂತೆ ಕಾಣುತ್ತದೆ. ಈಗ ಮಡಚಿಡಬಹುದಾದ ಪ್ಲಾಸ್ಟಿಕ್ಕಿನವು ಬಂದು, ಬಿದಿರಿನವು ಎಷ್ಟೋ ಮನೆಗಳ ಅಟ್ಟ ಸೇರಿವೆ. ಅತ್ತೆಯ ಮನೆಯಲ್ಲಿಯೂ ಮೂರು ಇದ್ದುವು. ಒಲೆಗೆ ಹೋಗಲಿದ್ದ ಅವುಗಳಲ್ಲಿ ಒಂದನ್ನು ನಾನು ಹೋದ ವರ್ಷ ಕೇಳಿ ತಂದು, ಚೆನ್ನಾಗಿ ತೊಳೆದು, ನಾಲ್ಕು ದಿನ ಬಿಸಿಲಿಗಿಟ್ಟು, ನಡುಮನೆಯ ಬರಿಗೋಡೆಗೆ ನಿಲ್ಲಿಸಿದೆ. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಸುರುಳಿಯ ನೆರಳು ಗೋಡೆಯ ಮೇಲೆ ಬೆಳೆಯುತ್ತ ಹೋಗುವುದು ಯಾವ ಚಿತ್ರಪಟಕ್ಕೂ ಕಡಮೆಯಿಲ್ಲ. ಹುಳು ಸಾಕುವ ಮನೆಯಲ್ಲಿ ರೋಗ ಬಾರದಂತೆ ಔಷಧಿ ಹೊಡೆದಿರುತ್ತಾರಾದ್ದರಿಂದ ಅದರ ಮೇಲೆ ಹಪ್ಪಳ ಒಣಗಿಸುವ ಯೋಚನೆ ಮಾತ್ರ ಬೇಡ. ಚಿಟ್ಟೆ ಹೊರಬಿದ್ದ ತೂತುಗೂಡುಗಳಿಂದ ಉದ್ದನೆಯ ಎಳೆ ತೆಗೆಯಲು ಬರುವುದಿಲ್ಲ. ಅವನ್ನು ಕತ್ತರಿಸಿ ಹೂವಾಗಿ ಕಟ್ಟುತ್ತಾರೆ, ಹಾರ ಮಾಡುತ್ತಾರೆ. ಬಾಗಿಲಿಗೆ ಪ್ಲಾಸ್ಟಿಕ್ಕಿನ ಮಾವಿನೆಲೆಯನ್ನು ಕಟ್ಟುವವರಿಗೆ ಅಂಥದೊಂದು ತೋರಣವನ್ನು ತೋರಿಸಬೇಕೆಂದು ನನ್ನ ಆಸೆ.

ಸುಣ್ಣದ ವಿಷಯವಾಗಿ ಒಂದು ಮಾತು. ಸುಣ್ಣ ಗೋಡೆಯ ಮೇಲೆ ಒಣಗುವುದಷ್ಟೆ ಅಲ್ಲ, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಅದರ ಕ್ಷಾರಗುಣದಿಂದ ಬೂಷ್ಟು ಹತ್ತುವುದು ಕಡಮೆ. ತಾರಸಿಗೆ ಬಳಿದರೆ ಬಿಸಿಲನ್ನು ಹಿಂದಕ್ಕೆಸೆದು ಕೋಣೆಯನ್ನು ತಂಪಾಗಿಡುತ್ತದೆ. ಪ್ಲಾಸ್ಟಿಕ್ ಬಣ್ಣ ಬಳಿದ ಗೋಡೆಯ ಮೇಲೆ ಅದು ಕೂರುವುದಿಲ್ಲ. ಕಲ್ಲುಸುಣ್ಣ ಅರಳಿಸುವಾಗ ಕುದಿದು ಸಿಡಿಯುತ್ತದೆ, ಮಕ್ಕಳನ್ನು ದೂರವಿಡಬೇಕು. ಹಳೆಯ ನೂಲಿನ ಸೀರೆಗಳನ್ನು ಪದರ ಹಾಕಿ ಹೊಲಿದರೆ ಹೊದಿಕೆ, ಹರಿದು ಹೆಣೆದರೆ ಕಾಲೊರಸು. ಇದನ್ನು ನಾನು ಹೇಳಬೇಕಾದುದಿಲ್ಲ.

ಮಂಡ್ಯದವನಾಗಿ ಬೆಲ್ಲವನ್ನು ಬಿಡಲುಂಟೆ? ನಿಂಬೆ, ಕಿತ್ತಳೆಗಳ ಸಿಪ್ಪೆ ಮೂರು ಪಾಲು, ಬೆಲ್ಲ ಒಂದು ಪಾಲು, ನೀರು ಹತ್ತು ಪಾಲು. ಡಬ್ಬದಲ್ಲಿ ಮುಚ್ಚಿ ಮೂರು ತಿಂಗಳಿಟ್ಟರೆ ಹುಳಿತು ನೆಲ ಒರಸುವ ದ್ರವವಾಗುತ್ತದೆ. ಮೊದಲ ತಿಂಗಳು ದಿನವೂ ಮುಚ್ಚಳ ಸಡಿಲಿಸಿ ಗಾಳಿ ಬಿಡದಿದ್ದರೆ ಡಬ್ಬ ಸಿಡಿದು ಅಡುಗೆಮನೆಯ ಸೂರಿಗೆ ಸಿಪ್ಪೆಯ ಅಲಂಕಾರವಾಗುತ್ತದೆ. ಈ ಅಲಂಕಾರವನ್ನು ನಾನು ಸ್ವತಃ ಮಾಡಿದ್ದೇನೆ. ಅದು ವಾಸ್ತವವಾಗಿ ಒಂದು ಬಗೆಯ ಹುಳಿನೀರು. ಜಿಡ್ಡು, ಕರೆಗಳಿಗೆ ಸಾಕು. ರೋಗಿಯಿರುವ ಕೋಣೆಗೆ ಅದನ್ನೇ ನಂಬಬಾರದು. ಆಲೆಮನೆಯ ನಸುಗಪ್ಪು ಬೆಲ್ಲವೆ ಇದಕ್ಕೆ ಸಾಲದೆ? ಬೆಲ್ಲವೂ ಬಟ್ಟೆಯಂತೆ ಬೆಳ್ಳಗಿರಬೇಕೆಂದು ಕೊಳ್ಳುವವರು ಹಟ ಹಿಡಿದುದರಿಂದಲೆ ಕೊಪ್ಪರಿಗೆಗೆ ರಾಸಾಯನಿಕ ಬಿದ್ದದ್ದು.

ಮಳವಳ್ಳಿಯಲ್ಲಿ ಇಳಿದು ಅತ್ತೆಯ ಹಳ್ಳಿ ಸೇರುವ ವೇಳೆಗೆ ಕತ್ತಲಾಗಿತ್ತು. ಸೊಸೆ ಹಿತ್ತಿಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅವಳ ಬೆರಳ ಸಂದುಗಳು ಸಾಬೂನಿನಿಂದ ಒಡೆದಿದ್ದುವು. ಮಗ ಜಗಲಿಯ ಮೇಲೆ ಕುಳಿತು ಫೋನು ನೋಡುತ್ತಿದ್ದ. ಅತ್ತೆ ಅವನನ್ನು ಎಬ್ಬಿಸಿ, ಮೂಲೆಯಲ್ಲಿದ್ದ ತೆಂಗಿನ ಸಿಪ್ಪೆಯನ್ನು ತೋರಿಸಿ, 'ನಾರು ಬಿಡಿಸ್ಕೊಡು, ಹಂಗೇ ನಾಕು ಪಾತ್ರೆ ತಿಕ್ಕು' ಎಂದರು. ಅವನು ಗೊಣಗಿಕೊಂಡು ಎದ್ದ.

ಆಮೇಲೆ ಅತ್ತೆ ತಮ್ಮ ಕೈಚೀಲದಿಂದ ಏನನ್ನೊ ತೆಗೆದರು. ಅದೇ ಗಾಜಿನ ಭರಣಿ! ಹೊರಡುವಾಗ ಮನೆಯೊಡತಿಯನ್ನು ಕೇಳಿ, ಬೂದಿಯನ್ನು ಅಲ್ಲಿಯೆ ಒಂದು ಡಬ್ಬಕ್ಕೆ ಸುರಿದುಕೊಟ್ಟು, ಬರಿದಾದುದನ್ನು ತಂದಿದ್ದರು. ಚೀಟಿಯನ್ನು ಕಿತ್ತು, ಬಿಸಿನೀರಿನಲ್ಲಿ ತೊಳೆದು, ಒಣಗಲೆಂದು ಕಟ್ಟೆಯ ಮೇಲೆ ಬೋರಲು ಹಾಕಿದರು. ನೂಲಿನ ದಾರವನ್ನು ಸುತ್ತಿ ಗೂಟಕ್ಕೆ ತಗುಲಿಸಿದರು.

'ಮಾವಿನ ಮಿಡಿ ಬರೋ ಕಾಲ' ಎಂದರು. 'ಉಪ್ಪಿನಕಾಯಿಗಾಯ್ತದೆ.'