ಕೊಡೋ ಕೈಗೂ ಲೆಕ್ಕ ಬೇಕು

ಸೊಲ್ಲಾಪುರ: ದಾನ ಅಂದರೆ ಕೈ ಬಿಚ್ಚೋದು, ಲೆಕ್ಕ ಅಂದರೆ ಕೈ ಬಿಗಿ ಹಿಡಿಯೋದು. ಎರಡೂ ಒಂದೇ ಮನೆಯಲ್ಲಿ ಇರೋದಿಲ್ಲ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಆದರೆ ಭಾನುವಾರದ ಆರಾಧನೆಯಲ್ಲಿ ಕಾಣಿಕೆ ಹಾಕುವ ಕ್ರೈಸ್ತ ಕುಟುಂಬಗಳಿಗೆ ಬೈಬಲ್ ಹೇಳುವ ಪಾಠ ಬೇರೆ. ಲೆಕ್ಕ ಇಟ್ಟವರೇ ಕೊಡಬಲ್ಲರು, ಕೊಡಬೇಕೆನ್ನುವವರು ಮೊದಲು ಲೆಕ್ಕ ಇಡಬೇಕು ಎಂಬುದು ಅದರ ಸಾರ. ಕಾಯಕ–ದಾಸೋಹದ ಈ ನೆಲಕ್ಕೆ ಇದು ಹೊಸ ಮಾತೇನಲ್ಲ.

ಕೆರೆ, ಕರಣಿಕ, ಅನ್ನಛತ್ರ

12ನೇ ಶತಮಾನದಲ್ಲಿ ಸೊನ್ನಲಿಗೆ ಎನಿಸಿದ್ದ ಈ ಊರಲ್ಲಿ ಶಿವಯೋಗಿ ಸಿದ್ಧರಾಮರು ಕೆರೆ ಕಟ್ಟಿಸಿದರು. ಅಲ್ಲಿ ಜನರ ದುಡಿಮೆಯೇ ದಾನವಾಯಿತು. ಇದೇ ಜಿಲ್ಲೆಯ ಮಂಗಳವೇಢೆಯಲ್ಲಿ ಬಸವಣ್ಣನವರು ಕರಣಿಕರಾಗಿ ಲೆಕ್ಕ ಬರೆದರು ಎಂದು ಪರಂಪರೆ ಹೇಳುತ್ತದೆ. ದಾಸೋಹ ಸಾರಿದವರೇ ಲೆಕ್ಕದಲ್ಲೂ ಗಟ್ಟಿಗರು.

ಅಕ್ಕಲಕೋಟದಲ್ಲಿ ಸ್ವಾಮಿ ಸಮರ್ಥರ ಹೆಸರಿನ ಅನ್ನಛತ್ರ ಮಂಡಳ 1988ರಲ್ಲಿ ಶುರುವಾಯಿತು. ಭಕ್ತರ ದೇಣಿಗೆಯಿಂದಲೇ ಅಲ್ಲಿ ಬಂದವರಿಗೆ ಊಟ. ಅಕ್ಕಿ–ಬೇಳೆಯ ಅಂದಾಜು ತಪ್ಪಿದರೆ ಪಂಕ್ತಿಗೆ ಕೂತವರ ತಾಟು ಖಾಲಿ. 19ನೇ ಶತಮಾನದ ಉತ್ತರಾರ್ಧದಲ್ಲಿ ಸೊಲ್ಲಾಪುರಕ್ಕೆ ಬಂದ ಅಮೆರಿಕನ್ ಮರಾಠಿ ಮಿಷನ್, 1899–1900ರ ಭೀಕರ ಬರದಲ್ಲಿ ಅನಾಥ ಮಕ್ಕಳಿಗೆ ಆಸರೆ ನೀಡಿತು. ಅದರ ಹಿಂದೆ ಇದ್ದದ್ದೂ ದೂರದ ಸಭೆಗಳು ಕೂಡಿಸಿ ಕಳಿಸಿದ ಕಾಣಿಕೆ ಹಣ.

ವಾರಕ್ಕಿಷ್ಟು ಎತ್ತಿಡಿ

ಯೆರೂಸಲೇಮಿನ ಬಡವರಿಗೆ ನೆರವು ಕೂಡಿಸುವಾಗ ಅಪೊಸ್ತಲ ಪೌಲ ಕೊರಿಂಥದ ಸಭೆಗೆ ತಿಳಿಸಿದ ಕ್ರಮ ಸರಳ. ವಾರದ ಮೊದಲ ದಿನ, ತಮ್ಮ ತಮ್ಮ ಗಳಿಕೆಗೆ ತಕ್ಕಷ್ಟು ಬೇರೆ ತೆಗೆದಿಡಬೇಕು. ತಾನು ಬಂದ ಮೇಲೆ ಓಡಾಡಿ ಪಟ್ಟಿ ಎತ್ತೋದು ಬೇಡ ಎಂಬುದು ಅವನ ಉದ್ದೇಶ. ಇಲ್ಲದ್ದನ್ನು ಕೊಡಿ ಅಂತ ಅವನು ಕೇಳಲಿಲ್ಲ. ಇದ್ದುದರಲ್ಲಿ ಕೊಟ್ಟರೆ ಸಾಕು ಎಂದ.

ರೈತರಿಗೆ ಇದು ಬೇಗ ತಿಳಿಯುತ್ತದೆ. ಜೋಳದ ರಾಶಿ ಆದಾಗ ಕಣದಲ್ಲೇ ಆಯಗಾರರ ಪಾಲು ಅಳೆದು ಕೊಟ್ಟು, ಆಮೇಲೆ ಚೀಲ ಮನೆಗೆ ತರುವ ರೂಢಿ ಈ ಭಾಗದಲ್ಲಿತ್ತು. ಹೊಲದಲ್ಲಿ ಉದುರಿದ ತೆನೆ ಬಡವರ ಹಕ್ಕಲು. ಹಳೆಯ ಒಡಂಬಡಿಕೆಯೂ ಹೊಲದ ಅಂಚು ಪೂರಾ ಕೊಯ್ಯಬೇಡಿ, ಬಿದ್ದ ತೆನೆ ಬಡವರಿಗೂ ಪರದೇಶಿಗೂ ಬಿಡಿ ಅನ್ನುತ್ತದೆ. ವಿಧವೆ ರೂತಳು ಬೇತ್ಲೆಹೇಮಿನಲ್ಲಿ ಹಕ್ಕಲಾಯ್ದು ಅತ್ತೆಯನ್ನು ಸಾಕಿದ್ದು ಹೀಗೆಯೇ. ಉಳಿದರೆ ಕೊಡೋಣ ಅಂದವರ ಮನೆಯಲ್ಲಿ ಉಳಿಯುವುದು ಅಪರೂಪ.

ಸಾಲ ಮಾಡಿ ದಾನ ಬ್ಯಾಡ

ಬೀಡಿ ಕಟ್ಟುವವರು, ಮಗ್ಗದ ಮೇಲೆ ದುಡಿಯುವವರು ಹೆಚ್ಚಿರುವ ನಗರವಿದು. ಕೆಲಸ ಮಾಡಿದಷ್ಟೇ ಕೂಲಿ. ಇಂಥ ಮನೆಯಲ್ಲಿ ಮದುವೆ, ಜಾತ್ರೆ, ಕ್ರಿಸ್ಮಸ್ ಬಂತೆಂದರೆ ಮರ್ಯಾದೆಯ ಪ್ರಶ್ನೆ ಏಳುತ್ತದೆ. ನಾಲ್ಕು ಜನ ನೋಡಲಿ ಅಂತ ಬಡ್ಡಿ ಸಾಲ ತಂದು ವಂತಿಗೆ ಕೊಟ್ಟರೆ ಅದರ ಭಾರ ಹೊರುವವರು ಮನೆಯ ಮಕ್ಕಳು. ಎಡಗೈಗೆ ತಿಳಿಯದಂತೆ ಬಲಗೈ ಕೊಡಲಿ ಎಂಬ ಯೇಸುವಿನ ಬೋಧನೆ ಇಂಥ ಪ್ರದರ್ಶನಕ್ಕೇ ಕಡಿವಾಣ.

ಇನ್ನೊಂದು ಮಾತು ಇನ್ನೂ ಕಟುವಾದದ್ದು. ಈ ಹಣ ದೇವರಿಗೆ ಮುಡಿಪು ಅಂತ ಹೇಳಿ ಹೆತ್ತವರ ಕೈಬಿಟ್ಟವರನ್ನು ಯೇಸು ಖಂಡಿಸಿದ ಪ್ರಸಂಗ ಮಾರ್ಕನ ಸುವಾರ್ತೆಯಲ್ಲಿದೆ. ತಾಯಿಯ ಔಷಧಿ ತಪ್ಪಿಸಿ ಕೊಟ್ಟ ಕಾಣಿಕೆ ಈ ಲೆಕ್ಕದಲ್ಲಿ ಕಾಣಿಕೆ ಆಗುವುದಿಲ್ಲ. ಬಡ ವಿಧವೆಯ ಎರಡು ಕಾಸನ್ನು ಯೇಸು ಮೆಚ್ಚಿದ್ದು ನಿಜ. ಅದೇ ಪುಟದಲ್ಲಿ, ವಿಧವೆಯರ ಮನೆ ನುಂಗುವ ಶಾಸ್ತ್ರಿಗಳಿಗೆ ಎಚ್ಚರಿಕೆಯೂ ಇದೆ. ಕೊಡುವವರು ಓದಬೇಕಾದ್ದು ಒಂದು, ಕೇಳುವವರು ಓದಬೇಕಾದ್ದು ಇನ್ನೊಂದು.

ಖಾಸಗಿ ಬಡ್ಡಿಯಲ್ಲಿ ಸಿಕ್ಕವರಿಗೆ ಕಾನೂನಿನ ಆಸರೆ ಉಂಟು. ಮಹಾರಾಷ್ಟ್ರದ 2014ರ ಸಾಹುಕಾರಿ ನಿಯಂತ್ರಣ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಬಡ್ಡಿ ವ್ಯವಹಾರ ಮಾಡುವುದು ಅಪರಾಧ. ಸಹಕಾರ ಇಲಾಖೆಯ ಜಿಲ್ಲಾ ನಿಬಂಧಕರ ಕಚೇರಿಗೆ ದೂರು ಕೊಡಬಹುದು.

₹15,000 ಬರುವ ಮನೆ

ತಿಂಗಳಿಗೆ ₹15,000 ಬರುವ ಒಂದು ಮನೆ ಎಂದುಕೊಳ್ಳಿ. ದಶಮಾಂಶ ಕೊಡುವವರಾದರೆ ₹1,500 ಮೊದಲೇ ಬೇರೆ. ಯೋಸೇಫ ಐಗುಪ್ತದಲ್ಲಿ ಸುಭಿಕ್ಷದ ಏಳು ವರ್ಷ ಬೆಳೆಯ ಐದನೇ ಒಂದು ಪಾಲು ಕೂಡಿಟ್ಟು ಬರ ದಾಟಿಸಿದ. ಆ ಲೆಕ್ಕಕ್ಕೆ ₹3,000 ಉಳಿತಾಯ. ಉಳಿದ ₹10,500ರಲ್ಲಿ ಸಂಸಾರ. ಬಾಡಿಗೆ, ಶಾಲೆ ಫೀ ಇದ್ದವರಿಗೆ ಇದು ಕಷ್ಟ ಅನ್ನೋದು ಸುಳ್ಳಲ್ಲ. ಆಗದಿದ್ದರೆ ₹100ರಿಂದಲೇ ಆಗಲಿ. ಅಂಚೆ ಕಚೇರಿಯ ಐದು ವರ್ಷದ ಆವರ್ತ ಠೇವಣಿಗೆ ತಿಂಗಳಿಗೆ ಕನಿಷ್ಠ ಅಷ್ಟೇ ಸಾಕು. ಬಡ್ಡಿ ಸಾಲ ಇದ್ದರೆ ಉಳಿತಾಯದ ಪಾಲು ಮೊದಲು ಅದಕ್ಕೇ ಹೋಗಲಿ. ತೀರಿಸದ ಸಾಲವೂ ಇನ್ನೊಬ್ಬರ ಹಣವೇ.

ಸಣ್ಣ ಉಳಿತಾಯದಿಂದ ಏನಾಗುತ್ತೆ ಅನ್ನುವವರು ಕುಂಭಾರಿಯ ಕಡೆ ಹೋಗಿ ನೋಡಬಹುದು. 2006ರಲ್ಲಿ ಅಲ್ಲಿ ಬೀಡಿ ಕಾರ್ಮಿಕ ಮಹಿಳೆಯರಿಗಾಗಿ 10,000 ಮನೆಗಳ ಗೋದುತಾಯಿ ಪರುಳೇಕರ್ ವಸತಿ ಎದ್ದು ನಿಂತಿತು. ಕೇಂದ್ರ, ರಾಜ್ಯದ ನೆರವಿನ ಜೊತೆ ಪ್ರತಿ ಮನೆಗೆ ₹20,000 ಹಾಕಿದವರು ಆ ಹೆಣ್ಣುಮಕ್ಕಳೇ.

ರಸೀದಿ ಕೇಳೋದು ತಪ್ಪಲ್ಲ

ಕೊಟ್ಟ ಮೇಲೆ ಕೇಳಬಾರದು ಎಂಬ ಸಂಕೋಚ ಹಲವರಿಗಿದೆ. ಪೌಲ ಕೂಡಿಸಿದ ಹಣ ತಾನೊಬ್ಬನೇ ಒಯ್ಯಲಿಲ್ಲ. ಯಾರೂ ಬೆರಳು ತೋರಿಸಬಾರದು ಅಂತ ಸಭೆಗಳು ಆರಿಸಿದವರನ್ನೇ ಜೊತೆಗೆ ಇಟ್ಟುಕೊಂಡ. ಮಹಾರಾಷ್ಟ್ರದಲ್ಲಿ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ ಟ್ರಸ್ಟ್‌ಗಳು ನೋಂದಣಿ ಮಾಡಿಸಿ ಲೆಕ್ಕಪತ್ರ ಇಡಬೇಕು. ಗುಡಿಯಿರಲಿ, ಚರ್ಚಿರಲಿ, ರಸೀದಿ ಕೇಳೋದು ಅಪನಂಬಿಕೆ ಅಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಗಾದೆ ಖರ್ಚಿಗೆ ಹೇಗೋ, ದಾನಕ್ಕೂ ಹಾಗೆ. ತಿಂಗಳ ಖರ್ಚಿನ ಚೀಟಿಯಲ್ಲಿ ಕಿರಾಣಿ, ಬಾಡಿಗೆಗಿಂತ ಮೇಲೆ ‘ಕೊಡೋದು’ ಎಂಬ ಸಾಲೊಂದು ಇರಲಿ. ಮೊತ್ತ ಚಿಕ್ಕದಾದರೂ ಸರಿ, ಅದು ಮನೆಯವರ ಸ್ವಂತ ದುಡಿಮೆಯದಾಗಿರಲಿ.